ಮಾರ್ಕನ ಕೊನೆಯ ಹನ್ನೆರಡು ವಚನಗಳು

ನಮ್ಮ ಕಾಕಾ ಶುಗರ್ ಗುಳಿಗೆ ಬಿಟ್ಟು ಮೂರು ವಾರ ಆಗಿತ್ತು. ಕಾಕಿ ಯಾರಿಗೂ ಹೇಳಿರಲಿಲ್ಲ. ಕಾಲಿನ ಹೆಬ್ಬೆರಳ ಹತ್ತಿರದ ಗಾಯ ಮಾಯದೇ ಇದ್ದಾಗ ಹೆದರಿ ನನಗೆ ಫೋನ್ ಮಾಡಿದರು. ಹೋಗಿ ಕೇಳಿದರೆ ಕಾಕಾ ಸತ್ಯವೇದ, ಅಂದರೆ ಬೈಬಲ್, ತೆಗೆದು ಮುಂದಿಟ್ಟರು. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ, 16ನೇ ಅಧ್ಯಾಯ, 18ನೇ ವಚನ. ನಂಬಿದವರು ಹಾವು ಹಿಡಿದೆತ್ತುತ್ತಾರೆ, ವಿಷ ಕುಡಿದರೂ ಏನೂ ಆಗುವುದಿಲ್ಲ, ಅವರು ಕೈಯಿಟ್ಟ ರೋಗಿಗಳು ವಾಸಿಯಾಗುತ್ತಾರೆ ಅಂತ ಅಲ್ಲಿದೆ. ಹೊರಗಿನಿಂದ ಬಂದ ಒಬ್ಬ ಬೋಧಕರು ಕೂಟದಲ್ಲಿ ಇವರ ತಲೆಯ ಮೇಲೆ ಕೈಯಿಟ್ಟು ಇದನ್ನೇ ಓದಿದ್ದರಂತೆ.

"ಯೇಸುಸ್ವಾಮಿ ಮಾತಿಗಿಂತ ಡಾಕ್ಟರ್ ದೊಡ್ಡಾಂವ ಏನವ್ವಾ?" ಅಂದರು.

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಮನೆಗೆ ಬಂದು ನನ್ನ ಬೈಬಲ್ ತೆರೆದೆ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು. 9ರಿಂದ 20ರವರೆಗಿನ ವಚನಗಳು ಕೆಲವು ಹಳೆಯ ಪ್ರತಿಗಳಲ್ಲಿ ಇಲ್ಲ ಅಂತ. ಆ ಪುಟವನ್ನು ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೇನೋ. ಆ ಟಿಪ್ಪಣಿಯ ಮೇಲೆ ಮಾತ್ರ ಕಣ್ಣು ನಿಂತಿರಲಿಲ್ಲ.

ಇದು ನನಗೆ ನೋವಾದ ವಿಷಯ. ಯಾಕಂದರೆ ನಾನು ಬೀದರಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಗ್ರಂಥಸಂಪಾದನೆ, ಅಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಮೂಲ ಪಾಠ ಹುಡುಕುವ ವಿದ್ಯೆ, ನನಗೆ ತುಂಬ ಇಷ್ಟವಾದ ಪೇಪರ್. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕೂಡಿಸಿದ್ದನ್ನು ಕಣ್ಣಲ್ಲಿ ನೀರು ತಂದುಕೊಂಡು ಓದಿದವಳು ನಾನು. ಒಂದೇ ವಚನ ಒಂದು ಓಲೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ಯಾವುದು ಹಳೆಯ ಪಾಠ, ಯಾವುದು ನಂತರ ಸೇರಿದ್ದು ಅಂತ ಕೇಳಿದರೆ ಬಸವಣ್ಣನಿಗೆ ಅವಮಾನ ಆಗಲಿಲ್ಲ. ಅದು ಅವನ ಮೇಲಿನ ಗೌರವವೇ ಆಗಿತ್ತು. ಸತ್ಯವೇದದ ಸಾಲಿಗೂ ಬಸವಣ್ಣನ ಮಾತಿಗೂ ಕನ್ನಡದಲ್ಲಿ ಒಂದೇ ಹೆಸರು, ವಚನ. ಆದರೂ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಚರ್ಚಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದೆ.

ಮಂಗಲಪೇಟದ ಒಂದು ಮನೆಯಲ್ಲಿ ಶುಕ್ರವಾರ ಸಂಜೆ ನಾವು ಹತ್ತು ಹನ್ನೆರಡು ಜನ ಬೈಬಲ್ ಸ್ಟಡಿಗೆ ಕೂಡುತ್ತೇವೆ. ಎಲ್ಲರೂ ಮೆಥಡಿಸ್ಟ್ ಸಭೆಯವರೇ. ಒಂದಿಷ್ಟು ಓದಿಕೊಂಡು, ಮುಂದಿನ ಶುಕ್ರವಾರವೇ ನಾನು ನೇರವಾಗಿ ಹೇಳಿಬಿಟ್ಟೆ. ಈ ಹನ್ನೆರಡು ವಚನ ಮಾರ್ಕ ಬರೆದದ್ದಲ್ಲ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಅಂತ.

ಯಾರೂ ಮಾತಾಡಲಿಲ್ಲ. ಎಲ್ಲರೂ ದೊಡ್ಡವ್ವ ಅಂತ ಕರೆಯುವ ಹಿರಿಯರೊಬ್ಬರು ಇದ್ದಾರೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಹಂಗಾರ ನಮ್ಮ ಮನೆಯವರ ಸಮಾಧಿ ಮ್ಯಾಲ ಅಯ್ಯನೋರು ಓದಿದ್ದು ಸುಳ್ಳೇನ್ರಿ ಅಕ್ಕೋರೆ?"

ನಾನು ಮಾಡಿದ ತಪ್ಪು ಅಲ್ಲಿ ಗೊತ್ತಾಯಿತು. ನನಗೆ ಅದು ಪಾಠಾಂತರದ ವಿಷಯ. ಅವರಿಗೆ ಗಂಡ ಮತ್ತೆ ಎದ್ದು ಬರುತ್ತಾನೋ ಇಲ್ಲವೋ ಅನ್ನುವ ವಿಷಯ. ಪುನರುತ್ಥಾನದ ಸುದ್ದಿ, ಅಂದರೆ ಯೇಸು ಸತ್ತು ಮತ್ತೆ ಎದ್ದ ಸುದ್ದಿ, ಇರುವುದು ಆ ಹನ್ನೆರಡು ವಚನದಲ್ಲಷ್ಟೇ ಅಲ್ಲ. 6ನೇ ವಚನದಲ್ಲೇ, ಆತನು ಎದ್ದಿದ್ದಾನೆ, ಇಲ್ಲಿ ಇಲ್ಲ ಅಂತಿದೆ. ಯೇಸುವಿನ ಸುದ್ದಿ ಸಾರಿದ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲೂ ಇದೆ. ಆ ಪತ್ರ ಮಾರ್ಕನ ಸುವಾರ್ತೆಗಿಂತ ಹಳೆಯದು. ಇದನ್ನು ಮೊದಲು ಹೇಳಬೇಕಿತ್ತು. ಏನು ಉಳಿಯುತ್ತದೆ ಅಂತ ತೋರಿಸದೆ, ಏನು ಇಲ್ಲ ಅಂತ ಹೇಳಲು ಹೋಗಬಾರದು.

ಎರಡು ವಾರ ಆ ವಿಷಯ ಎತ್ತಲಿಲ್ಲ. ಮೂರನೇ ವಾರ ಬಿಳಿ ಹಾಳೆ, ಪೆನ್ನು ತೆಗೆದುಕೊಂಡು ಹೋದೆ. ಲೂಕನ ಸುವಾರ್ತೆ 11ನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಇದೆ. ನಾವು ಆರಾಧನೆಯಲ್ಲಿ ಹೇಳುವುದು ಮತ್ತಾಯನ ಪ್ರಾರ್ಥನೆ. ಲೂಕನದು ಅದಕ್ಕಿಂತ ಚಿಕ್ಕದು. ಸುಮ್ನೆ "ತಂದೆಯೇ" ಅಂತ ಶುರುವಾಗುತ್ತದೆ. ಅದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದೆ. ಮೂರು ಜನ ನನ್ನ ಹಾಳೆ ನೋಡಿ ಬರೆಯಬೇಕು. ಅವರ ಹಾಳೆ ನೋಡಿ ಮತ್ತೆ ಮೂವರು. ಆ ಮೂವರದನ್ನು ನೋಡಿ ಇನ್ನೂ ಮೂವರು. ಒಬ್ಬೊಬ್ಬರಿಗೆ ನಾಲ್ಕೇ ನಿಮಿಷ. ಅಷ್ಟರಲ್ಲಿ ಕರೆಂಟ್ ಬೇರೆ ಹೋಯಿತು. ಕೆಲವರು ಮೊಬೈಲ್ ಬೆಳಕಿನಲ್ಲೇ ಬರೆದರು. ಅದೂ ಒಳ್ಳೆಯದೇ ಆಯಿತು ಅನ್ನಿ.

ಆಮೇಲೆ ನನ್ನ ಹಾಳೆ ಬಚ್ಚಿಟ್ಟೆ. ಒಂಬತ್ತು ನಕಲುಗಳನ್ನೂ ಡಿಗ್ರಿ ಓದುವ ಇಬ್ಬರು ಹುಡುಗಿಯರಿಗೆ ಕೊಟ್ಟೆ. ಅವರು ಏನೂ ಬರೆದಿರಲಿಲ್ಲ. ನನ್ನ ಹಾಳೆಯಲ್ಲಿ ಏನಿತ್ತು ಅಂತ ಕಂಡುಹಿಡಿಯಿರಿ ಅಂದೆ.

ಹಾಳೆಗಳನ್ನು ನೆಲದ ಮೇಲೆ ಹರವಿದರು. ಒಂದರಲ್ಲಿ ಒಂದು ಸಾಲೇ ಹಾರಿಹೋಗಿತ್ತು. ಅದನ್ನು ನೋಡಿ ಬರೆದವರದರಲ್ಲೂ ಆ ಸಾಲು ಇಲ್ಲ. ಎರಡರ ಕೊನೆಯಲ್ಲಿ ಆಮೆನ್ ಬಂದು ಕೂತಿತ್ತು. ಪಿಯುಸಿ ಹುಡುಗನೊಬ್ಬ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರುಮಾಡಿದ್ದ. ನನ್ನ ಹಾಳೆಯಲ್ಲಿ ಇಲ್ಲದ ಮಾತು ಅದು. "ನಾ ನೋಡೇ ಬರದೀನ್ರಿ ಅಕ್ಕೋರೆ," ಅಂತ ಅವನು ಆಣೆ ಮಾಡುವುದೊಂದು ಬಾಕಿ. ಅವನು ಸುಳ್ಳು ಹೇಳುತ್ತಿರಲಿಲ್ಲ. ಬಾಯಿಪಾಠ ಇದ್ದದ್ದು ಕೈಗೆ ಇಳಿದಿತ್ತು, ಅಷ್ಟೇ. ಅವನ ನಂತರದ ಇಬ್ಬರೂ ಅದನ್ನೇ ನಂಬಿಕೆಯಿಂದ ನಕಲು ಮಾಡಿದ್ದರು.

ಹುಡುಗಿಯರು ಬಹಳ ಹೊತ್ತು ತಮ್ಮೊಳಗೇ ವಾದ ಮಾಡಿದರು. ಕೊನೆಗೆ ಒಬ್ಬಳು, "ಬರೇ ತಂದೆಯೇ ಅಂತ ಇದ್ದದ್ದೇ ಖರೇ ಇರ್ಬೇಕ್ರಿ. ಗೊತ್ತಿರೋ ಪ್ರಾರ್ಥನಾದಾಗ ಮಾತು ಸೇರಸೋದು ಹಗೂರ. ಪ್ರಾರ್ಥನಾದಾಗಿನ ಮಾತು ಯಾರ್ ತೆಗೀತಾರ?" ಅಂದಳು.

ಗ್ರೀಕ್ ಪ್ರತಿಗಳನ್ನು ಹೋಲಿಸುವ ವಿದ್ವಾಂಸರು ಇದೇ ಜಾಗದಲ್ಲಿ ಇದೇ ಕಾರಣ ಕೊಡುತ್ತಾರೆ. ನಂತರದ ಕಾಲದ ಎಷ್ಟೋ ಪ್ರತಿಗಳಲ್ಲಿ ಲೂಕನ ಪ್ರಾರ್ಥನೆ ಮತ್ತಾಯನದರಂತೆ ಉದ್ದ ಆಗಿದೆ. ಹಳೆಯವುಗಳಲ್ಲಿ ಚಿಕ್ಕದಾಗಿಯೇ ಇದೆ. ಇದನ್ನು ನಾನು ಹೇಳಿದ್ದು ಅವಳು ಹೇಳಿದ ಮೇಲೆ. ಸುವಾರ್ತೆಗಳೂ ಈ ಪತ್ರಗಳೂ ಇರುವ ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹದ ಪ್ರತಿಗಳು 5000ಕ್ಕೂ ಜಾಸ್ತಿ ಇವೆ. ಒಂಬತ್ತೇ ಹಾಳೆಯಿಂದ ಇಷ್ಟು ಗೊತ್ತಾದರೆ ಅಷ್ಟು ಪ್ರತಿಗಳಿಂದ ಎಷ್ಟು ಗೊತ್ತಾಗಬಹುದು, ಅಲ್ವಾ?

ಆಮೇಲೆ ಮಾರ್ಕನ ಕಡೆಗೆ ಹೋಗುವುದು ಕಷ್ಟವಾಗಲಿಲ್ಲ. ನಾಲ್ಕನೇ ಶತಮಾನದ ಎರಡು ದೊಡ್ಡ ಪ್ರತಿಗಳಿವೆ. ಒಂದು ಸೀನಾಯಿ ಬೆಟ್ಟದ ಮಠದಲ್ಲಿ ಸಿಕ್ಕದ್ದು, ಇನ್ನೊಂದು ವ್ಯಾಟಿಕನ್ನಿನದು. ಎರಡರಲ್ಲೂ ಮಾರ್ಕ 8ನೇ ವಚನಕ್ಕೇ ಮುಗಿಯುತ್ತದೆ. ವ್ಯಾಟಿಕನ್ ಪ್ರತಿಯಲ್ಲಿ ಅದರ ನಂತರ ಪುಟದ ಒಂದು ಇಡೀ ಕಾಲಂ ಖಾಲಿ ಬಿಟ್ಟಿದ್ದಾರೆ. ಹಾಗಂತ ಈ ವಚನಗಳು ಹೊಸವೂ ಅಲ್ಲ. ಎರಡನೇ ಶತಮಾನದ ಕೊನೆಯಲ್ಲಿ ಐರೇನಿಯಸ್ ಅನ್ನುವ ಬಿಷಪ್ ಇವುಗಳಲ್ಲಿ ಒಂದನ್ನು ಮಾರ್ಕನದೇ ಅಂತ ಎತ್ತಿ ಬರೆದಿದ್ದಾನೆ. ಎರಡನ್ನೂ ಹೇಳಿದೆ. ಒಂದನ್ನೇ ಹೇಳಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

8ನೇ ವಚನದವರೆಗೆ ಗಟ್ಟಿಯಾಗಿ ಓದಿ ನಿಲ್ಲಿಸಿದೆ. ಹೆಂಗಸರು ಯೇಸುವಿನ ಸಮಾಧಿಯಿಂದ ನಡುಗುತ್ತಾ ಓಡುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ದೊಡ್ಡವ್ವ, "ನಾನೂ ಅವತ್ತ ಸಮಾಧಿಯಿಂದ ಹಂಗೇ ಬಂದಿದ್ದೆ," ಅಂದರು.

ಒಬ್ಬರು ಮಾತ್ರ ಒಪ್ಪಲಿಲ್ಲ. ದೇವರ ವಾಕ್ಯಕ್ಕೆ ಪರೀಕ್ಷೆ ಯಾಕೆ ಅಂತ ಕೇಳಿದರು. ನನಗೆ ನಮ್ಮ ಊರಿನದೇ ನೆನಪಾಯಿತು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ, ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನನನ್ನು 1481ರಲ್ಲಿ ಕೊಲ್ಲಿಸಿದ್ದು ಒಂದು ಪತ್ರದ ಮೇಲೆ. ಮುದ್ರೆ ಅವನದೇ, ಒಳಗಿನ ಮಾತು ಅವನದಲ್ಲ. ಸುಲ್ತಾನ ಕುಡಿದ ಅಮಲಿನಲ್ಲಿ ವಿಚಾರಿಸದೇ ಅಪ್ಪಣೆ ಕೊಟ್ಟ ಅಂತ ಇತಿಹಾಸಕಾರರು ಬರೆದಿದ್ದಾರೆ. ಮಾರ್ಕನ ಕೊನೆಯನ್ನು ಬರೆದವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಆ ಪಿಯುಸಿ ಹುಡುಗನ ಹಾಗೆ ಭಕ್ತಿಯಿಂದಲೇ ಬರೆದಿರಬಹುದು. ಆದರೆ ಒಬ್ಬರ ಮಾತು ಅಂತ ತಂದು ಇನ್ನೊಬ್ಬರ ಜೀವದ ಮೇಲೆ ಇಡುವ ಮುಂಚೆ, ಇದು ಅವರದೇನಾ ಅಂತ ಕೇಳುವುದು ಪ್ರೀತಿಯ ಕೆಲಸ.

ಕಾಕಾನ ಹತ್ತಿರ ನಾನು ಹಸ್ತಪ್ರತಿಗಳ ಮಾತೇ ಎತ್ತಲಿಲ್ಲ. ಮತ್ತಾಯ 4ನೇ ಅಧ್ಯಾಯ ತೆಗೆದು ಓದಲು ಕೊಟ್ಟೆ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನನೂ ಕೀರ್ತನೆಯ ವಚನ ಹೇಳಿಯೇ ಯೇಸುವನ್ನು ಬಲೆಗೆ ಬೀಳಿಸಲು ನೋಡಿದ. ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ಹಾರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕನನ್ನು ಪ್ರಿಯ ವೈದ್ಯ ಅಂತ ಕರೆದದ್ದನ್ನು ತೋರಿಸಿದೆ. ನಮ್ಮ ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕವನ್ನೇ ಬರೆದಿದ್ದ ಅಂತ ಹೇಳಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಪ್ರಾರ್ಥನಾ ಮಾಡಿ ಗುಳಿಗಿ ಕೊಡು," ಅಂದರು. ಇಬ್ಬರೂ ಪ್ರಾರ್ಥನೆ ಮಾಡಿದೆವು. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಆ ಹನ್ನೆರಡು ವಚನ ಮಾರ್ಕನದೇ ಅಂತ ಅವರು ಈಗಲೂ ನಂಬುತ್ತಾರೆ. ನಾನು ವಾದ ಮಾಡುವುದಿಲ್ಲ.

ಈಗ ನಮ್ಮ ಗುಂಪು ಯೋಹಾನನ ಸುವಾರ್ತೆಗೆ ಬಂದಿದೆ. 8ನೇ ಅಧ್ಯಾಯದಲ್ಲಿ, ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಕಲ್ಲೆಸೆಯಲು ತಂದ ಹೆಂಗಸಿನ ಕಥೆ ಇದೆ. ಅದೂ ಹಳೆಯ ಪ್ರತಿಗಳಲ್ಲಿ ಇಲ್ಲ. ಕೆಲವು ಪ್ರತಿಗಳಲ್ಲಿ ಯೋಹಾನನ ಕೊನೆಗೆ ಇದೆ, ಕೆಲವುದರಲ್ಲಿ ಲೂಕನ 21ನೇ ಅಧ್ಯಾಯದ ಕೊನೆಗೆ ಬಂದು ಕೂತಿದೆ. ಈ ಸಲ ಮೊದಲೇ ಹೇಳಿದೆ, ಈ ಕಥೆಯನ್ನು ಸಭೆ ಕೈಬಿಡಲಿಲ್ಲ, ನಾನೂ ಬಿಡುವುದಿಲ್ಲ ಅಂತ. ಆಮೇಲೆ ಪ್ರತಿಗಳ ವಿಷಯ ಹೇಳಿದೆ.

"ಹಂಗಾರ ಪಾಪ, ಆಕಿ ಊರೂರು ಅಲದಾಳ," ಅಂದರು ದೊಡ್ಡವ್ವ.

ಮುಂದಿನ ಶುಕ್ರವಾರ ಅದನ್ನು ತಾವೇ ಓದುತ್ತಾರಂತೆ. ಕನ್ನಡಕದ ಕಡ್ಡಿ ಮುರಿದಿದೆ. ಅಷ್ಟರೊಳಗೆ ಸರಿಮಾಡಿಸಿ ತರಲು ನನ್ನ ಕೈಗೆ ಕೊಟ್ಟಿದ್ದಾರೆ.