ಮೀಟರ್ ಬೀಪ್ ಅಂದರೆ ವಯರ್ ಸರಿಯಿದೆ ಎಂದಲ್ಲ

ಹಿತ್ತಲಿನ ಶೆಡ್ಡಿನಲ್ಲಿ ಬೆಂಚ್ ಗ್ರೈಂಡರ್, ಗರಗಸದ ಮೆಷಿನ್, ಒಂದು ಕೈ ಡ್ರಿಲ್ಲು ಇಟ್ಟುಕೊಂಡಿರುವ ಮನೆಗಳು ಈಗ ಬೇಕಾದಷ್ಟಿವೆ. ಜೊತೆಗೊಂದು ಅಗ್ಗದ ಡಿಜಿಟಲ್ ಮಲ್ಟಿಮೀಟರೂ ಇರುತ್ತದೆ. ಮೆಷಿನ್ ಕೈಕೊಟ್ಟಾಗ ಹುಡುಗರು ಮೊದಲು ಮಾಡುವ ಕೆಲಸ ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ ವಯರಿನ ಎರಡು ತುದಿಗೆ ಮುಟ್ಟಿಸುವುದು. ಬೀಪ್ ಅಂದ ಕೂಡಲೇ "ವಯರ್ ಸರಿಯಿದೆ ಅಜ್ಜ, ಮೋಟರೇ ಹೋಗಿದೆ" ಅಂತ ತೀರ್ಪು. ಮೋಟರ್ ಬಿಚ್ಚಿ ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಅದು ಚೆನ್ನಾಗಿಯೇ ತಿರುಗುತ್ತದೆ!

ಆ ಬೀಪನ್ನು ಅಷ್ಟೊಂದು ನಂಬಬೇಡಿ. ಎಷ್ಟೋ ಮೀಟರುಗಳು ರೋಧ, ಅಂದರೆ ಕರೆಂಟಿಗೆ ವಯರು ಒಡ್ಡುವ ತಡೆ, 30-50 ಓಮ್‌ಗಿಂತ ಕೆಳಗಿದ್ದರೆ ಸಾಕು, ಕೂಗಿಬಿಡುತ್ತವೆ. 2000 ವ್ಯಾಟಿನ ಗೀಸರ್ ಕಾಯಿಲಿನ ರೋಧ ಸುಮಾರು 26 ಓಮ್; ಅದಕ್ಕೂ ಕೂಗುತ್ತವೆ. ನಮ್ಮ ವಯರಿನಲ್ಲಿ ಒಂದು ಓಮ್ ಹೆಚ್ಚಾಗಿದ್ದರೂ ಮೆಷಿನ್ ಒದ್ದಾಡುತ್ತದೆ ಎನ್ನುವಾಗ ಈ ಕೂಗಿನಿಂದ ತಿಳಿಯುವುದು ಏನು? ವಯರ್ ಪೂರ್ತಿ ತುಂಡಾಗಿಲ್ಲ ಎನ್ನುವುದು ಮಾತ್ರ.

ಒಂದು ಓಮ್ ಅಂದರೆ ಎಷ್ಟು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಸಿಂಗಲ್ ಫೇಸಿನ 1 ಎಚ್‌ಪಿ ಮೋಟರ್ ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ, ಸ್ವಿಚ್ ಹಾಕಿದ ಗಳಿಗೆಯಲ್ಲಿ ಅದರ ನಾಲ್ಕೈದು ಪಟ್ಟು, ಅಂದರೆ 30ರ ಆಸುಪಾಸು. ಮನೆಯಿಂದ ಶೆಡ್ಡಿಗೆ 25 ಮೀಟರ್ ಎಕ್ಸ್‌ಟೆನ್ಶನ್ ಎಳೆದಿದ್ದೀರಿ, ಟೇಬಲ್ ಫ್ಯಾನಿಗೆ ಹಾಕುವಂಥ 0.75 ಚದರ ಮಿಲಿಮೀಟರ್ ವಯರು. ಕರೆಂಟ್ ಹೋಗಿ ಬರಬೇಕಲ್ಲ, ದಾರಿ 50 ಮೀಟರ್ ಆಯಿತು. ಈ ದಪ್ಪದ ತಾಮ್ರಕ್ಕೆ ಕಿಲೋಮೀಟರಿಗೆ 26 ಓಮ್ ರೋಧ. ನಿಮ್ಮ ಪಾಲಿಗೆ 1.3 ಓಮ್. ಓಡುವಾಗ 9 ವೋಲ್ಟ್ ಹೋಯಿತು, ಅದು ನಡೆದೀತು. ಶುರುವಾಗುವಾಗ 39 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 230 ಹೊರಟದ್ದು ಮೋಟರಿಗೆ 191 ಆಗಿ ಮುಟ್ಟಿತು. ಮೋಟರ್ ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಲ ಹೋಯಿತು. ಲೈನೇ 200ಕ್ಕೆ ಇಳಿದಿರುವ ಸಂಜೆಯಾದರೆ ಕೇಳುವುದೇ ಬೇಡ. ಮೋಟರ್ ಗುಂಯ್ ಅನ್ನುತ್ತಾ ನಿಂತಲ್ಲೇ ಬಿಸಿಯಾಗುತ್ತದೆ, ನಾವು ಮೋಟರನ್ನು ಹೊರಡಿಸಲು ನೆರವಾಗುವ ಕಂಡೆನ್ಸರಿನ (ಕೆಪ್ಯಾಸಿಟರ್) ಮೇಲೆ ಗೂಬೆ ಕೂರಿಸುತ್ತೇವೆ. ಅದೇ ದೂರಕ್ಕೆ 2.5ರ ವಯರ್ ಎಳೆದರೆ ರೋಧ 0.4 ಓಮ್‌ಗೆ ಇಳಿಯುತ್ತದೆ, ಶುರುವಿನ ನಷ್ಟ 12 ವೋಲ್ಟ್ ಮಾತ್ರ. ಪ್ಲಗ್ಗೂ 16 ಆಂಪಿಯರಿನದೇ ಇರಲಿ. 6 ಆಂಪಿಯರಿನ ಚಿಕ್ಕ ಪಿನ್ನಿಗೆ ಗ್ರೈಂಡರ್ ಸಿಕ್ಕಿಸುವವರನ್ನು ಕಂಡರೆ ನನಗೆ ಈಗಲೂ ಕೋಪ ಬರುತ್ತದೆ.

ಓಮ್ ಗುರುತಿಗೆ ಇಟ್ಟು ಅಳೆಯುವುದಾದರೆ ಮೊದಲು ಪ್ಲಗ್ ಕಿತ್ತಿರಬೇಕು. ಕರೆಂಟ್ ಇರುವ ವಯರಿಗೆ ಓಮ್ ಗುರುತಿನಲ್ಲಿ ಮೀಟರ್ ಮುಟ್ಟಿಸಿದರೆ ಮೀಟರಿನ ಕಥೆ ಮುಗಿಯಿತು, ಕೆಲವೊಮ್ಮೆ ಕೈಯದ್ದೂ. ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ. ಅಗ್ಗದ ಮೀಟರಿನಲ್ಲಿ 0.3 ಬಂದರೂ ಆಶ್ಚರ್ಯವಿಲ್ಲ. ಮುಂದಿನ ಪ್ರತಿ ಅಳತೆಯಲ್ಲಿ ಅಷ್ಟನ್ನು ಕಳೆಯಬೇಕು.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಓಮ್ ಮೀಟರಿಗೆ ಸಿಗದ ದೋಷವೊಂದಿದೆ. 0.75ರ ಫ್ಲೆಕ್ಸಿಬಲ್ ವಯರಿನಲ್ಲಿ 24 ಸಣ್ಣ ಎಳೆಗಳಿರುತ್ತವೆ. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಮಡಚಿ ಮಡಚಿ 23 ತುಂಡಾಗಿ ಒಂದೇ ಉಳಿದಿದೆ ಅನ್ನಿ. ಆ ಒಂದು ಸೆಂಟಿಮೀಟರ್ ಎಳೆಯ ರೋಧ ಒಂದು ಓಮಿನ ನೂರರಲ್ಲೊಂದು ಪಾಲೂ ಇಲ್ಲ. ನಮ್ಮ ಮೀಟರ್ ಅದನ್ನು ಸೊನ್ನೆ ಎಂದೇ ಓದುತ್ತದೆ. ಆದರೆ ಅದರಲ್ಲಿ 30 ಆಂಪಿಯರ್ ಹರಿಸಿ ನೋಡಿ, ಕೂದಲೆಳೆಯಷ್ಟು ತಾಮ್ರದಲ್ಲಿ ಐದು ವ್ಯಾಟ್ ಶಾಖ ಹುಟ್ಟುತ್ತದೆ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಮೀಟರಿನ ಪುಟ್ಟ ಬ್ಯಾಟರಿ ಹರಿಸುವ ಒಂದೆರಡು ಮಿಲಿಆಂಪಿಯರಿಗೆ ತೊಂದರೆಯೇ ಕಾಣದ ಜಾಗ ಕೆಲಸದ ಹೊತ್ತಿನಲ್ಲಿ ಸುಟ್ಟುಹೋಗುತ್ತದೆ. ಸಡಿಲವಾದ ಸ್ಕ್ರೂ ಕೂಡ ಹೀಗೆಯೇ. ಅಲ್ಲಿ ಅರ್ಧ ಓಮ್ ಸೇರಿಕೊಂಡರೆ, 7 ಆಂಪಿಯರಿಗೆ ಸುಮಾರು 25 ವ್ಯಾಟ್. ಬೋರ್ಡಿನೊಳಗೆ ಒಂದು ಸೋಲ್ಡರಿಂಗ್ ಕಡ್ಡಿಯನ್ನು ಕಾಯಲು ಬಿಟ್ಟ ಹಾಗೆ.

ಅದಕ್ಕೇ ನಾನು ಹೇಳುವುದು, ರೋಧವನ್ನು ಕೆಲಸ ಮಾಡಿಸಿಯೇ ಹಿಡಿಯಬೇಕು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಮೆಷಿನಿನ ಪಕ್ಕದ ಖಾಲಿ ಸಾಕೆಟ್ಟಿಗೆ ಮೀಟರನ್ನು ಎಸಿ ವೋಲ್ಟ್ ಗುರುತಿಗೆ ಇಟ್ಟು ಹಾಕಿ. ಮೆಷಿನ್ ನಿಂತಿರುವಾಗ 228, ಓಡುವಾಗ 219 ಅಂದರೆ 9 ವೋಲ್ಟ್ ಇಳಿತ. ಅದನ್ನು 7 ಆಂಪಿಯರಿನಿಂದ ಭಾಗಿಸಿದರೆ ದಾರಿಯ ರೋಧ 1.3 ಓಮ್ ಸಿಕ್ಕಿತು. ಶಾಲೆಯಲ್ಲಿ ಉರು ಹೊಡೆದ, 1827ರಲ್ಲಿ ಜರ್ಮನಿಯ ಗೇಯೊರ್ಗ್ ಓಮ್ ಪ್ರಕಟಿಸಿದ ನಿಯಮ ಇಷ್ಟೇ. ಮೆಷಿನ್ ಓಡುತ್ತಿರುವಾಗಲೇ ಮನೆಯೊಳಗಿನ ಸಾಕೆಟ್ಟಿನಲ್ಲೂ ಒಮ್ಮೆ ಅಳೆಯಿರಿ. ಅಲ್ಲೂ ಅಷ್ಟೇ ಇಳಿದರೆ ದೋಷ ಎಕ್ಸ್‌ಟೆನ್ಶನ್ನಿನದಲ್ಲ, ಮೇನ್ ಬೋರ್ಡಿನಲ್ಲೋ ಕಂಬದ ಜಾಯಿಂಟಿನಲ್ಲೋ ಇದೆ. ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವಯರಿಗೆ ತಾಮ್ರದ ವಯರನ್ನು ಬರೇ ಸುತ್ತಿ ಟೇಪ್ ಹಚ್ಚಿದ ಗಂಟುಗಳಿದ್ದರೆ ಮೊದಲ ಅನುಮಾನ ಅಲ್ಲಿಗೇ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ನುಗಳನ್ನು ಮುಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ. ಮೂರರಲ್ಲಿ ಒಂದೇ ಪಿನ್ ಬಿಸಿಯಿದ್ದರೆ ಆ ಬದಿಯ ಸ್ಕ್ರೂ ಅಥವಾ ಸಾಕೆಟ್ಟಿನ ಹಿಡಿತ ಸಡಿಲ.

ಇನ್ನು ಮೋಟರಿನ ವೈಂಡಿಂಗ್, ಅಂದರೆ ಒಳಗಿನ ರನ್ನಿಂಗ್ ಮತ್ತು ಸ್ಟಾರ್ಟಿಂಗ್ ಕಾಯಿಲುಗಳು. ಮುಟ್ಟುವ ಮೊದಲು ಕಂಡೆನ್ಸರನ್ನು ಒಂದು ಹಳೇ ಫಿಲಮೆಂಟ್ ಬಲ್ಬಿನ ಮೂಲಕ ಖಾಲಿ ಮಾಡಿ ಬಿಚ್ಚಿಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಮೂರು ವಯರುಗಳಲ್ಲಿ ಎರಡೆರಡನ್ನು ಅಳೆದಾಗ 3, 8, 11 ಓಮ್ ಬಂತು ಎನ್ನೋಣ. ಹೆಚ್ಚು ತೋರಿಸಿದ ಜೋಡಿಯನ್ನು ಬಿಟ್ಟು ಉಳಿದ ವಯರೇ ಕಾಮನ್, ಎರಡು ಕಾಯಿಲಿಗೂ ಸೇರಿದ್ದು. ಅಲ್ಲಿಂದ 3 ಓಮಿನದು ರನ್ನಿಂಗ್, 8ರದು ಸ್ಟಾರ್ಟಿಂಗ್. ಎರಡರ ಮೊತ್ತ ಮೂರನೆಯದಕ್ಕೆ ಸರಿಹೊಂದಿದರೆ ಕಾಯಿಲ್ ತುಂಡಾಗಿಲ್ಲ. 3 ಓಮ್ ಕಂಡು, 230ನ್ನು 3ರಿಂದ ಭಾಗಿಸಿ "76 ಆಂಪಿಯರ್, ಶಾರ್ಟ್ ಆಗಿದೆ" ಎಂದು ಗಾಬರಿಯಾಗುವವರಿದ್ದಾರೆ. ಎಸಿಯಲ್ಲಿ ಕಾಯಿಲಿನ ಕಾಂತಕ್ಷೇತ್ರವೂ ಕರೆಂಟನ್ನು ತಡೆಯುತ್ತದೆ, ಮೀಟರಿನ ಬ್ಯಾಟರಿಗೆ ಆ ತಡೆ ಕಾಣುವುದಿಲ್ಲ. ಕೈ ಡ್ರಿಲ್ಲಿನಲ್ಲಾದರೆ ಸ್ವಿಚ್ ಒತ್ತಿ ಹಿಡಿದು ಪ್ಲಗ್ಗಿನ ಎರಡು ಪಿನ್ ನಡುವೆ ಅಳೆಯುತ್ತಾ ಚಕ್ಕನ್ನು ಕೈಯಲ್ಲಿ ತಿರುಗಿಸಿ. ಅಂಕಿ ಆಗಾಗ ಪೂರ್ತಿ ಕಡಿದುಹೋದರೆ ಕಾರ್ಬನ್ ಬ್ರಷ್ ಸವೆದಿದೆ.

ಮಳೆಗಾಲದ ತಕರಾರು ಬೇರೆ. ಅಲ್ಲಿ ರೋಧ ಹೆಚ್ಚಾದದ್ದಲ್ಲ, ಇರಬೇಕಾದಲ್ಲಿ ಕಡಿಮೆಯಾದದ್ದು. ಕಾಯಿಲಿಗೂ ಮೋಟರಿನ ಮೈಗೂ ನಡುವೆ ಹತ್ತಾರು ಲಕ್ಷ ಓಮ್ ಇರಬೇಕು. ಒಂದು ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್‌ಗಿಂತ ಕೆಳಗಿದ್ದರೆ ಓಡಿಸಬೇಡಿ. ಇದನ್ನು ಇಂಥ ದೊಡ್ಡ ರೋಧ ಅಳೆಯುವ 500 ವೋಲ್ಟಿನ ಮೆಗ್ಗರಿನಲ್ಲೇ ನೋಡಿಸಬೇಕು, ವೈಂಡಿಂಗ್ ಅಂಗಡಿಯಲ್ಲಿ ಇರುತ್ತದೆ. ಬರೇ ಥಂಡಿ ಹಿಡಿದಿದ್ದರೆ ಕವರ್ ತೆಗೆದು ಪಕ್ಕದಲ್ಲಿ 100 ವ್ಯಾಟಿನ ಫಿಲಮೆಂಟ್ ಬಲ್ಬ್ ಉರಿಸಿಟ್ಟರೆ ಒಣಗುತ್ತದೆ.

ಮೆಷಿನಿನ ಮೈಯಿಂದ ಪ್ಲಗ್ಗಿನ ದಪ್ಪ ಪಿನ್ನಿಗೆ ಅರ್ಧ ಓಮ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸ್ಕ್ರೂ ಕೆಳಗಿನ ಪೇಂಟ್ ಕೆರೆದು ಮತ್ತೆ ಬಿಗಿ ಮಾಡಿ. ಅಲ್ಲಿಂದಾಚೆಗಿನ ಅರ್ಥ್ ಗುಂಡಿಯ ರೋಧ ನಮ್ಮ ಮಲ್ಟಿಮೀಟರಿಗೆ ಎಟುಕುವುದಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಗುಂಡಿ 20 ಓಮ್ ಆಗಿದೆ ಅನ್ನಿ. ಫೇಸ್ ಮೈಗೆ ತಾಗಿದರೂ ಹರಿಯುವುದು 11.5 ಆಂಪಿಯರ್. ಕರೆಂಟ್ ಮಿತಿ ಮೀರಿದಾಗ ಲೈನ್ ಕಡಿಯುವ 16ರ ಎಂಸಿಬಿ ಸ್ವಿಚ್ ಬೀಳುವುದೇ ಇಲ್ಲ, ಮೈಮೇಲೆ ಕರೆಂಟ್ ಕೂತೇ ಇರುತ್ತದೆ. ಗುಂಡಿಗೆ ನೀರು ಹಾಕಿ, ಆದರೆ ಅದನ್ನೇ ನೆಚ್ಚಬೇಡಿ. ಶೆಡ್ಡಿನ ಲೈನಿಗೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದು ಪದೇಪದೇ ಬೀಳುತ್ತದೆ ಅಂತ ತೆಗೆದು ನೇರ ಜೋಡಿಸಿಕೊಡುವ ಎಲೆಕ್ಟ್ರಿಷಿಯನ್ನನ್ನು ಎರಡನೇ ಸಲ ಕರೆಯಬೇಡಿ.

ಹೊಸ ಮೆಷಿನ್ ತಂದಾಗ, ಚೆನ್ನಾಗಿ ಓಡುತ್ತಿರುವಾಗಲೇ, ವೈಂಡಿಂಗಿನ ಮೂರು ಅಳತೆಗಳನ್ನೂ ಓಡುವಾಗಿನ ವೋಲ್ಟೇಜನ್ನೂ ಒಂದು ಚೀಟಿಯಲ್ಲಿ ಬರೆದು ಟರ್ಮಿನಲ್ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಮುಂದೆ ಕೆಟ್ಟಾಗ 3 ಇದ್ದದ್ದು 2 ಆಗಿದ್ದರೆ ಮೋಟರನ್ನು ಅಂಗಡಿಗೆ ಒಯ್ಯಿರಿ. ಮೂರೇ ಇದ್ದರೆ ಮೊದಲು ವಯರ್ ನೋಡಿ.