ಬೀಡು ಪಂಪಿನ ಬಿರುಕಿಗೆ ಎಪಾಕ್ಸಿ ಪುಟ್ಟಿ: ಮೆತ್ತುವುದಕ್ಕಿಂತ ಉಜ್ಜುವ ಕೆಲಸವೇ ಜಾಸ್ತಿ

ಸಂಪಿನ ಪಕ್ಕದ ಮೋಟಾರ್ ಪಂಪಿನ ಕೆಳಗೆ ಬೆಳಿಗ್ಗೆ ನೋಡಿದರೆ ನೆಲ ಒದ್ದೆ. ವಾಷರ್ ಹೋಗಿರಬೇಕು ಅಂದುಕೊಂಡು ಒರೆಸಿ ನೋಡಿದರೆ ವಾಷರ್ ಸರಿಯಾಗಿಯೇ ಇದೆ. ಪಂಪಿನ ಹೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕು, ಅದರಿಂದ ನೀರು ಜಿನುಗುತ್ತಿದೆ.

ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ವೆಲ್ಡಿಂಗ್. ಆದರೆ ಪಂಪಿನ ಹೊರಮೈ ಸಾಮಾನ್ಯವಾಗಿ ಬೀಡು, ಅಂದರೆ ಎರಕದ ಕಬ್ಬಿಣ. ಬೆಳಗಾವಿಯ ಫೌಂಡ್ರಿಗಳಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಸುರಿಯುತ್ತಾರಲ್ಲ, ಅದೇ ಲೋಹ. ಇದರಲ್ಲಿ ಇಂಗಾಲ ಶೇಕಡಾ 2ರಿಂದ 4ರಷ್ಟು ಇರುತ್ತದೆ. ಗೇಟು, ಗ್ರಿಲ್ ಮಾಡುವ ಮೆದು ಉಕ್ಕಿನಲ್ಲಿ ಅದು ಕಾಲು ಭಾಗವೂ ಇರುವುದಿಲ್ಲ. ಇಂಗಾಲ ಜಾಸ್ತಿ ಇರುವುದರಿಂದ ಬೀಡು ಬಾಗುವುದಿಲ್ಲ, ಬಿರಿಯುತ್ತದೆ. ಒಂದೇ ಕಡೆ ಕಾಯಿಸಿ ಬೆಸುಗೆ ಹಾಕಿದರೆ ಆರುವಾಗ ಆ ಜಾಗ ಕುಗ್ಗಿ, ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಇಡೀ ಭಾಗವನ್ನು ಮೊದಲೇ ಕಾಯಿಸಿ, ನಿಕಲ್ ರಾಡ್ ಬಳಸಿ, ನಿಧಾನವಾಗಿ ಆರಿಸುವ ಕೈ ಪಳಗಿದವರು ಇದ್ದಾರೆ. ಪ್ರತಿ ಊರಲ್ಲೂ ಸಿಗುವುದಿಲ್ಲ ಅಷ್ಟೇ. ನೀರು ಜಿನುಗುವ ಸಣ್ಣ ಬಿರುಕಿಗೆ ಅಷ್ಟು ದೊಡ್ಡ ಕೆಲಸ ಬೇಕಾಗಿಯೂ ಇಲ್ಲ. ಎರಡು ಮುದ್ದೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿ ಸಾಕು.

ಹಚ್ಚುವ ಕ್ರಮ ಸರಿಯಿದ್ದರೆ ಮಾತ್ರ. ಪುಟ್ಟಿ ಎದ್ದು ಬಂತು, ಮಾಲು ಸರಿಯಿಲ್ಲ ಎನ್ನುವವರನ್ನು ತುಂಬಾ ನೋಡಿದ್ದೇನೆ. ಎದ್ದು ಬಂದ ಚೂರನ್ನು ತಿರುಗಿಸಿ ನೋಡಿ. ಅದರ ಅಡಿಗೆ ಹಳೇ ಬಣ್ಣದ ಪದರವೋ, ತುಕ್ಕಿನ ಪುಡಿಯೋ ಅಂಟಿಕೊಂಡಿರುತ್ತದೆ. ಪುಟ್ಟಿ ಗಟ್ಟಿಯಾಗಿಯೇ ಹಿಡಿದಿತ್ತು. ಆದರೆ ಹಿಡಿದದ್ದು ಲೋಹವನ್ನಲ್ಲ, ಬಣ್ಣವನ್ನು.

ಪುಟ್ಟಿ ಒಣಗುವುದಿಲ್ಲ, ಬಲಿಯುತ್ತದೆ

ಅಂಗಡಿಯಲ್ಲಿ ಎಂಸೀಲ್ ಎಂದು ಕೇಳುತ್ತೇವಲ್ಲ, ಅದೂ ಎಪಾಕ್ಸಿ ಪುಟ್ಟಿಯೇ. ಎರಡು ಬಣ್ಣದ ಎರಡು ಮುದ್ದೆ ಇರುತ್ತದೆ. ಒಂದು ರೆಸಿನ್ ಎಂಬ ಅಂಟು, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಬೇರೆ ಬೇರೆ ಇದ್ದಾಗ ಮೆತ್ತಗೆ ಇರುತ್ತವೆ. ಕಲಸಿದ ಕೂಡಲೇ ಒಂದರೊಳಗೊಂದು ಹೆಣೆದುಕೊಳ್ಳಲು ಶುರುಮಾಡುತ್ತವೆ. ಆಗ ಶಾಖ ಹುಟ್ಟುತ್ತದೆ, ನಾದುವಾಗ ಬೆರಳಿಗೇ ಗೊತ್ತಾಗುತ್ತದೆ.

ಇದು ಬಣ್ಣದ ಹಾಗೆ ಗಾಳಿಗೆ ಒಣಗುವ ವಸ್ತುವಲ್ಲ. ಫ್ಯಾನ್ ಹಾಕಿದರೆ ಪ್ರಯೋಜನವಿಲ್ಲ. ಬೇಕಾದದ್ದು ಬಿಸಿ. ಸುತ್ತಲಿನ ಬಿಸಿ 10 ಡಿಗ್ರಿ ಇಳಿದರೆ ಗಟ್ಟಿಯಾಗುವ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್‌ನ ರಾಯಚೂರಲ್ಲಿ ಕಲಸಿದ ಮುದ್ದೆ ಕೈಯಲ್ಲೇ ಬಿಗಿಯುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಅದೇ ಮುದ್ದೆ ಸಂಜೆಯಾದರೂ ಮೆತ್ತಗಿರುತ್ತದೆ.

ಪಂಪಿಗಾದರೆ ಉಕ್ಕಿನ ಪುಡಿ ಬೆರೆಸಿದ ಪುಟ್ಟಿ ಕೇಳಿ. ಇದು ಕಡ್ಡಿಯ ರೂಪದಲ್ಲೂ ಬರುತ್ತದೆ. ಹೊರಗೆ ಒಂದು ಬಣ್ಣ, ನಡುವೆ ತಿರುಳಿನ ಹಾಗೆ ಇನ್ನೊಂದು. ಅಡ್ಡಡ್ಡ ಕೊಯ್ದರೆ ಎರಡೂ ಸರಿಯಾದ ಅಳತೆಯಲ್ಲೇ ಸಿಗುತ್ತವೆ. ಕೆಲವು 5 ನಿಮಿಷಕ್ಕೇ ಬಿಗಿಯುತ್ತವೆ, ಕೆಲವು ಅರ್ಧ ಗಂಟೆ ಕೊಡುತ್ತವೆ. ಮೊದಲ ಸಲ ಮಾಡುವವರು ನಿಧಾನದ್ದನ್ನೇ ತಗೊಳ್ಳಿ.

ಯಾವುದಕ್ಕೆ ಹಚ್ಚಲೇಬಾರದು

ಉಕ್ಕಿನ ಪುಡಿ ಇದೆ ಎಂದ ಮಾತ್ರಕ್ಕೆ ಪುಟ್ಟಿ ಉಕ್ಕಾಗುವುದಿಲ್ಲ. ಲೋಹ ತಡೆಯುವ ಎಳೆತದ ಸಣ್ಣದೊಂದು ಪಾಲನ್ನಷ್ಟೇ ಅದು ತಡೆಯುತ್ತದೆ. ಪ್ರೆಷರ್ ಕುಕ್ಕರ್, ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್, ಗಾಡಿಯ ಬ್ರೇಕ್, ಹ್ಯಾಂಡಲ್, ಭಾರ ಎತ್ತುವ ಕೊಕ್ಕೆ, ಏಣಿಯ ಮೆಟ್ಟಿಲು, ಇವುಗಳ ಹತ್ತಿರ ಪುಟ್ಟಿ ತರಲೇಬೇಡಿ. ಒಬ್ಬರ ಜೀವ ಆ ಭಾಗದ ಮೇಲೆ ನಿಂತಿದ್ದರೆ ಅದನ್ನು ಬದಲಿಸಬೇಕು, ಬೇರೆ ಮಾತೇ ಇಲ್ಲ. ಸೈಲೆನ್ಸರ್, ಒಲೆಯ ಬರ್ನರ್ ಕೂಡ ಬೇಡ. ಸಾಮಾನ್ಯ ಪುಟ್ಟಿಗಳು ನೂರು ಡಿಗ್ರಿ ದಾಟಿದ ಮೇಲೆ ಹೆಚ್ಚು ದೂರ ತಾಳುವುದಿಲ್ಲ. ಅಡುಗೆ ಪಾತ್ರೆಯ ಒಳಮೈಗೂ ಹಚ್ಚಬೇಡಿ. ಕುಡಿಯುವ ನೀರಿನ ಪಂಪಾದರೆ ಆ ಬಳಕೆಗೆ ಆಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಹುಡುಕಿ.

ಹಾಗಾದರೆ ಪಂಪಿನ ಒತ್ತಡವನ್ನು ತಡೆಯುತ್ತದಾ? ಲೆಕ್ಕ ಸುಲಭ. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ಎರಡು ಮಹಡಿಯ ಮೇಲಿನ ಟ್ಯಾಂಕು 12 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1.2 ಕಿಲೋ. ಚೆನ್ನಾಗಿ ಅಂಟಿದ ಪುಟ್ಟಿಗೆ ಇದು ದೊಡ್ಡ ಭಾರವಲ್ಲ. ಆದರೆ ಪಂಪಿನ ಕಾಲು, ಅಂದರೆ ನೆಲಕ್ಕೆ ಬೋಲ್ಟ್ ಹಾಕುವ ಕಿವಿ ಮುರಿದಿದ್ದರೆ ಬರೀ ಪುಟ್ಟಿ ಸಾಲದು. ಅಲ್ಲಿ ನಡುಕವೆಲ್ಲ ಆ ಒಂದೇ ಜಾಗಕ್ಕೆ ಬೀಳುತ್ತದೆ. ಉಕ್ಕಿನ ಪಟ್ಟಿ ಹಾಕಿ ಬೋಲ್ಟ್ ಬಿಗಿಸಬೇಕು.

ನೀರು, ಕರೆಂಟು ಎರಡನ್ನೂ ನಿಲ್ಲಿಸಿ

ಸ್ವಿಚ್ ಆರಿಸಿದರೆ ಸಾಲದು, ಮೇನ್ ಸ್ವಿಚ್ಚನ್ನೇ ಆಫ್ ಮಾಡಿ. ಒದ್ದೆ ನೆಲ, ಕೈಯಲ್ಲಿ ಲೋಹ, ಪಕ್ಕದಲ್ಲಿ ಮೋಟಾರ್. ಇಲ್ಲಿ ಅವಸರ ಬೇಡ.

ಆಮೇಲೆ ಪಂಪಿನ ಅಡಿಯ ಬಿರಡೆ ಬಿಚ್ಚಿ ನೀರು ಬಸಿಯಿರಿ. ನಾನು ಒಮ್ಮೆ ಇಷ್ಟಕ್ಕೇ ನಿಲ್ಲಿಸಿದ್ದೆ. ಎರಡು ಗಂಟೆ ಉಜ್ಜಿ, ಒರೆಸಿ, ಪುಟ್ಟಿ ಹಚ್ಚಿ ಎದ್ದೆ. ಮೇಲಿನ ಪೈಪಿನಲ್ಲಿ ನಿಂತಿದ್ದ ನೀರು ವಾಲ್ವಿನ ಸಂದಿಯಿಂದ ಹನಿಹನಿಯಾಗಿ ಇಳಿದು ಬಿರುಕಿಗೇ ಬಂತು. ಮೂರನೇ ದಿನ ಪುಟ್ಟಿ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಈಗ ಮೇಲಿನ ಪೈಪಿನ ಯೂನಿಯನ್, ಅಂದರೆ ತಿರುಗಿಸಿ ಬಿಚ್ಚುವ ಜೋಡಣೆ, ಬಿಚ್ಚಿ, ಪೂರ್ತಿ ಬರಿದು ಮಾಡಿಯೇ ಕೈಹಾಕುತ್ತೇನೆ.

ಬಿರುಕಿನ ತುದಿ ಹುಡುಕಿ

ಕಣ್ಣಿಗೆ ಕಾಣುವ ತುದಿಯೇ ಕೊನೆ ಅಲ್ಲ. ಬಣ್ಣ ಕೆರೆದು, ಬಟ್ಟೆಯಲ್ಲಿ ತಿನ್ನರ್ ತಗೊಂಡು ಒರೆಸಿ ನೋಡಿ. ಮೈಯೆಲ್ಲ ಆರಿದ ಮೇಲೂ ಬಿರುಕಿನೊಳಗೆ ಇಳಿದ ತಿನ್ನರ್ ಒದ್ದೆ ಗೆರೆಯಾಗಿ ಸ್ವಲ್ಪ ಹೊತ್ತು ಕಾಣುತ್ತದೆ. ಆ ಗೆರೆಯ ಎರಡೂ ತುದಿಗೆ ಗುರುತು ಹಾಕಿ, ಅಲ್ಲಿ 3 ಮಿಲಿಮೀಟರಿನ ತೂತು ಕೊರೆಯಿರಿ. ಒಳ್ಳೆ ಲೋಹಕ್ಕೆ ಯಾಕೆ ತೂತು ಅನಿಸಬಹುದು. ಬಿರುಕಿನ ತುದಿ ಸೂಜಿಯಷ್ಟು ಚೂಪು. ಎಳೆತವೆಲ್ಲ ಅಲ್ಲಿ ಸೇರುತ್ತದೆ, ಬಿರುಕು ಮುಂದೆ ಓಡುತ್ತದೆ. ತುದಿ ದುಂಡಗಾದರೆ ಎಳೆತ ಹಂಚಿಹೋಗುತ್ತದೆ. ತೂತಿಗೆ ಹೇಗೂ ಪುಟ್ಟಿ ತುಂಬುತ್ತೇವೆ.

ಈಗ ಮೂರು ಮೂಲೆಯ ಅರದಿಂದ ಬಿರುಕಿನ ಉದ್ದಕ್ಕೂ ಸಣ್ಣ ತೋಡು ತೆಗೆಯಿರಿ. 2 ಮಿಲಿಮೀಟರ್ ಆಳ ಸಾಕು. ಲೋಹದ ಅರ್ಧ ದಪ್ಪಕ್ಕಿಂತ ಕೆಳಗೆ ಹೋಗಬೇಡಿ.

ಉಜ್ಜುವುದು, ಒರೆಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಬಿರುಕಿನ ಎರಡೂ ಬದಿ 2 ಸೆಂಟಿಮೀಟರ್ ಅಗಲಕ್ಕೆ ಬಣ್ಣ, ತುಕ್ಕು ಎಲ್ಲ ಹೋಗಬೇಕು. ಮೊದಲು ತಂತಿ ಬ್ರಷ್, ಆಮೇಲೆ ಅರ, ಕೊನೆಗೆ 60 ಅಥವಾ 80 ನಂಬರಿನ ಉಪ್ಪುಕಾಗದ. ನುಣುಪು ಬೇಡ, ಗೀರು ಬೇಕು. ಅಡ್ಡ ಉದ್ದ ಎರಡೂ ಕಡೆ ಗೀರಿ. ಪುಟ್ಟಿ ಕೈಯೂರುವುದು ಆ ಗೀರುಗಳಲ್ಲೇ.

ಬೀಡನ್ನು ಒರೆಸಿದರೆ ಬಟ್ಟೆ ಕಪ್ಪಾಗುತ್ತಲೇ ಇರುತ್ತದೆ. ಗಾಬರಿ ಬೇಡ, ಅದು ಕೊಳೆಯೊಂದೇ ಅಲ್ಲ. ಬೀಡಿನೊಳಗೆ ಇಂಗಾಲ ಗ್ರಾಫೈಟಿನ ಪದರಗಳಾಗಿ ಕೂತಿರುತ್ತದೆ, ಪೆನ್ಸಿಲ್ ಕಡ್ಡಿಯಲ್ಲಿ ಇರುವುದೂ ಅದೇ. ಪ್ರತಿ ಸಲ ಬಟ್ಟೆಯ ಹೊಸ ಭಾಗ ತಗೊಂಡು, ಕಪ್ಪು ತೆಳ್ಳಗಾಗುವ ತನಕ ತಿನ್ನರ್ ಅಥವಾ ಅಸಿಟೋನಿನಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ಜಿಡ್ಡು ಬಿಟ್ಟುಹೋಗುತ್ತವೆ. ಬೀಡು ಎಣ್ಣೆ ಹೀರಿಕೊಂಡಿರುವುದೂ ಉಂಟು. ತಿನ್ನರ್ ಪೂರ್ತಿ ಆರಿ, ವಾಸನೆ ಹೋದ ಮೇಲೆ ಬಿಸಿಲಲ್ಲೋ ಹೇರ್ ಡ್ರೈಯರಿನಲ್ಲೋ ಕಾಯಿಸಿದರೆ ಎಣ್ಣೆ ಮೇಲೆ ಬರುತ್ತದೆ, ಮತ್ತೆ ಒರೆಸಬೇಕು. ತಿನ್ನರ್ ಹತ್ತಿರ ಬೆಂಕಿಕಡ್ಡಿ, ಬೀಡಿ ಏನೂ ಬೇಡ.

ಸಾಕಾಯಿತಾ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಗುಂಡಗೆ ನಿಂತರೆ ಜಿಡ್ಡು ಇನ್ನೂ ಇದೆ. ತೆಳ್ಳಗೆ ಹರಡಿಕೊಂಡರೆ ಲೋಹ ಶುದ್ಧವಾಗಿದೆ. ಕೂಡಲೇ ಒರೆಸಿ ಒಣಗಿಸಿ. ಉಜ್ಜಿದ ಬೀಡು ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರಿನ ಮಳೆಗಾಲದಲ್ಲಂತೂ ಊಟ ಮಾಡಿ ಬರುವಷ್ಟರಲ್ಲಿ ಕೆಂಚು ಬಣ್ಣ ಕಾಣಿಸುತ್ತದೆ. ಉಜ್ಜಿದ ದಿನವೇ, ಉಜ್ಜಿದ ಗಂಟೆಯಲ್ಲೇ ಹಚ್ಚಿ.

ನಾದಿ, ತಿಕ್ಕಿ, ಬಿಡಿ

ಕೈಗೆ ಗ್ಲೌಸ್ ಹಾಕಿ. ಕೆಲವರಿಗೆ ಎಪಾಕ್ಸಿ ತಾಗಿ ತಾಗಿ ಚರ್ಮಕ್ಕೆ ಅಲರ್ಜಿ ಅಂಟಿಕೊಳ್ಳುತ್ತದೆ. ಒಮ್ಮೆ ಬಂದರೆ ಆಮೇಲೆ ಸ್ವಲ್ಪ ಸೋಕಿದರೂ ತುರಿಕೆ ಏಳುತ್ತದೆ. ಬರಿಗೈಯಲ್ಲಿ ಎಷ್ಟು ಸಲ ಮಾಡಿಲ್ಲ ಅನ್ನಬೇಡಿ.

ಎರಡು ಮುದ್ದೆಯಿದ್ದರೆ ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲೇ ತಗೊಳ್ಳಿ. ಸಾಮಾನ್ಯವಾಗಿ ಸಮಸಮ. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ನಂಬಿಕೆ. ಜೊತೆ ಸಿಗದೆ ಉಳಿದ ಭಾಗ ಮೆತ್ತಗೇ ಉಳಿಯುತ್ತದೆ. ಹೋಳಿಗೆಯ ಕಣಕ ನಾದುವಷ್ಟೇ ಶ್ರದ್ಧೆಯಿಂದ ನಾದಿ. ಎರಡು ಬಣ್ಣದ ಗೆರೆ ಒಂದೂ ಕಾಣಬಾರದು. ಒಂದು ಸಲಕ್ಕೆ ನಿಂಬೆಹಣ್ಣಿನಷ್ಟು ಮಾತ್ರ ಕಲಸಿ.

ಮೊದಲು ಕಡಲೆಕಾಳಿನಷ್ಟು ತಗೊಂಡು ತೋಡಿನೊಳಗೆ ಹೆಬ್ಬೆರಳಿನಿಂದ ಒತ್ತಿ ತಿಕ್ಕಿ. ರೊಟ್ಟಿ ತಟ್ಟಿದ ಹಾಗೆ ಮೇಲಿಂದ ಬಡಿದರೆ ಅಡಿಯಲ್ಲಿ ಗಾಳಿ ಉಳಿಯುತ್ತದೆ. ತಲೆಗೆ ಎಣ್ಣೆ ತಿಕ್ಕುವ ಹಾಗೆ ಉಜ್ಜಿ ಉಜ್ಜಿ ಒಳಗಿಳಿಸಬೇಕು. ಅದರ ಮೇಲೆ ಉಳಿದ ಪುಟ್ಟಿಯನ್ನು 5–6 ಮಿಲಿಮೀಟರ್ ದಪ್ಪಕ್ಕೆ ಕೂರಿಸಿ, ಅಂಚನ್ನು ತೆಳ್ಳಗೆ ಇಳಿಸಿ. ಕೊನೆಗೆ ಬೆರಳನ್ನು ನೀರಿಗೆ ಅದ್ದಿ ಮೇಲ್ಮೈ ಸವರಿ. ನೀರು ಇಲ್ಲಿ ಮಾತ್ರ, ಮೊದಲ ಪದರಕ್ಕೆ ಬೇಡ.

ಆಮೇಲೆ ಒಂದು ದಿನ ಮುಟ್ಟಬೇಡಿ. ಅರ್ಧ ಗಂಟೆಗೆ ಕಲ್ಲಿನ ಹಾಗೆ ಕಂಡರೂ ಪೂರ್ತಿ ಬಲ ಬರಲು 24 ಗಂಟೆ ಬೇಕು. ಚಳಿಗಾಲದಲ್ಲಿ ಎರಡು ದಿನ ಕೊಡಿ. ಮನೆಯಲ್ಲಿ ನೀರಿಲ್ಲ ಎಂಬ ಒತ್ತಾಯ ಇರುತ್ತದೆ, ಅಲ್ವಾ? ಅದಕ್ಕೇ ಹಿಂದಿನ ದಿನ ಟ್ಯಾಂಕು ತುಂಬಿಸಿ, ಡ್ರಮ್ಮಿಗೂ ಹಿಡಿದಿಟ್ಟುಕೊಂಡು ಕೈಹಾಕಿ.

ಬೋಲ್ಟ್ ಕೂರುವ ತೂತಿನ ಮರೆ, ಅಂದರೆ ಒಳಗಿನ ತಿರುಪಿನ ಗೀರು, ಸವೆದಿದ್ದರೂ ಇದೇ ಪುಟ್ಟಿ ನಡೆಯುತ್ತದೆ. ತೂತಿಗೆ ಪುಟ್ಟಿ ತುಂಬಿ, ಬೋಲ್ಟಿಗೆ ಗ್ರೀಸ್ ಸವರಿ ಒಳಗೆ ತಿರುಗಿಸಿ. ಅರೆಗಟ್ಟಿಯಾದಾಗ ಒಂದು ಸುತ್ತು ಸಡಿಲಿಸಿ, ಪೂರ್ತಿ ಬಲಿತ ಮೇಲೆ ತೆಗೆದರೆ ಹೊಸ ಮರೆ ಮೂಡಿರುತ್ತದೆ. ಫ್ಯಾನ್ ಕವರಿನಂಥ ಹಗುರ ಕೆಲಸಕ್ಕೆ ಮಾತ್ರ.

ಚಾಲೂ ಮಾಡುವ ಮುನ್ನ

ಅಂಚು ಎದ್ದಿದ್ದರೆ ಮಾಸ್ಕ್ ಹಾಕಿಕೊಂಡು ಉಜ್ಜಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಪಂಪಿಗೆ ನೀರು ತುಂಬಿ, ಚಾಲೂ ಮಾಡಿ, 10 ನಿಮಿಷದ ಬಳಿಕ ಮೋಟಾರ್ ನಿಲ್ಲಿಸಿ ಪುಟ್ಟಿಯ ಸುತ್ತ ಒಣ ಕಾಗದ ಒತ್ತಿ ನೋಡಿ. ಕಾಗದ ಒಣಗಿದ್ದರೆ ಗೆದ್ದಿರಿ. ಬಿರುಕು ನೀರು ಎಳೆಯುವ ಬದಿಯಲ್ಲಿದ್ದರೆ ಈ ಪರೀಕ್ಷೆ ಸಾಲದು. ಅಲ್ಲಿ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಧಾರೆ ಮೊದಲಿನಷ್ಟೇ ದಪ್ಪ ಬರುತ್ತಿದೆಯಾ, ನಡುನಡುವೆ ಉಗುಳುತ್ತಿದೆಯಾ ನೋಡಿ.

ಎಲ್ಲ ಸರಿಯಿದ್ದರೆ ಸುತ್ತಲಿನ ಬರಿ ಲೋಹಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಿರಿ, ಇಲ್ಲದಿದ್ದರೆ ತುಕ್ಕು ಅಂಚಿನಿಂದ ಪುಟ್ಟಿಯ ಕೆಳಗೆ ನುಗ್ಗುತ್ತದೆ. ಬಣ್ಣ ಆರುವಷ್ಟರಲ್ಲಿ ಮೇಲಿನ ಪೈಪನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಗೋಡೆಗೆ ಕ್ಲ್ಯಾಂಪ್ ಇಲ್ಲದೆ ಅದರ ಭಾರವೆಲ್ಲ ಪಂಪಿನ ಕುತ್ತಿಗೆಯ ಮೇಲೆ ಕೂತಿದ್ದರೆ ಬಿರುಕು ಬಿಟ್ಟಿದ್ದು ಅದರಿಂದಲೇ ಇರಬಹುದು. ಎರಡು ಕ್ಲ್ಯಾಂಪ್ ಹೊಡೆದು, ಅಡಿಯ ಬೋಲ್ಟುಗಳನ್ನೂ ಒಮ್ಮೆ ಬಿಗಿ ಮಾಡಿ.