ಹಡಗಿನಿಂದ ಹಿಂದಕ್ಕೆ ಎಣಿಸುವುದನ್ನು ಕಲಿತೆ

ಟೈಲ್ಸ್ ಕಾರ್ಖಾನೆಯ ರವಾನೆ ವಿಭಾಗಕ್ಕೆ ಸೇರಿದ ಹೊಸತರಲ್ಲಿ ನಾನು ಕ್ಯಾಲೆಂಡರಿನಲ್ಲಿ ಒಂದೇ ದಿನಾಂಕಕ್ಕೆ ಗುರುತು ಹಾಕುತ್ತಿದ್ದೆ: ಹಡಗು ಬಂದರು ಬಿಡುವ ದಿನ. ಅದೇ ಕಾರಣಕ್ಕೆ ನಮ್ಮ ನಾಲ್ಕು ಕಂಟೇನರುಗಳಿಗೆ ಹಡಗು ತಪ್ಪಿತು. ಲಾರಿಗಳು ಬಂದರಿನ ಗೇಟು ಮುಟ್ಟಿದಾಗ ಹಡಗು ಇನ್ನೂ ಧಕ್ಕೆಗೆ (ಹಡಗು ನಿಲ್ಲುವ ಕಟ್ಟೆಗೆ) ಬಂದಿರಲೇ ಇಲ್ಲ. ಆದರೆ ಆ ಹಡಗಿಗೆಂದು ಸರಕು ತೆಗೆದುಕೊಳ್ಳುವುದನ್ನು ಯಾರ್ಡಿನವರು, ಅಂದರೆ ಬಂದರಿನಲ್ಲಿ ಕಂಟೇನರುಗಳನ್ನು ಪೇರಿಸಿಡುವ ಅಂಗಳದವರು, ನಿಲ್ಲಿಸಿ ಎರಡು ಗಂಟೆಯಾಗಿತ್ತು. "ಸಾರ್, ಹಡಗು ಬರುವುದೇ ನಾಳೆಯಂತೆ, ನಮ್ಮನ್ನು ಯಾಕೆ ಒಳಗೆ ಬಿಡುತ್ತಿಲ್ಲ?" ಎಂದು ಚಾಲಕರು ಫೋನಿನಲ್ಲಿ ಕೇಳಿದರೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಯಾರ್ಡಿನ ಯೋಜನೆ ನೋಡಿಕೊಳ್ಳುವ ಹಿರಿಯರೊಬ್ಬರ ಪಕ್ಕದಲ್ಲಿ ಅರ್ಧ ದಿನ ಕುಳಿತ ಮೇಲೆ ವಿಷಯ ತಿಳಿಯಿತು. ಅವರ ಪರದೆಯ ಮೇಲೆ ಹಡಗನ್ನು ಅಡ್ಡಲಾಗಿ ಸೀಳಿದಂತಹ ನಕ್ಷೆ, ಒಂದೊಂದು ಚೌಕವೂ ಒಂದೊಂದು ಕಂಟೇನರ್. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮೊದಲು ಇಳಿಯಬೇಕಾದದ್ದು ಕೊನೆಗೆ ಇಳಿಯುವುದರ ಅಡಿಗೆ ಸಿಕ್ಕಿಕೊಳ್ಳಬಾರದು. ಶೀತಲ ಕಂಟೇನರಿಗೆ ವಿದ್ಯುತ್ ಸಂಪರ್ಕವಿರುವ ಜಾಗವೇ ಆಗಬೇಕು. ಹಡಗು ಬರುವ ಮೊದಲೇ ಈ ಲೆಕ್ಕವೆಲ್ಲ ಮುಗಿದು, ಯಾರ್ಡಿನಲ್ಲಿ ಪೆಟ್ಟಿಗೆಗಳು ಅದಕ್ಕೆ ತಕ್ಕ ಕ್ರಮದಲ್ಲಿ ಪೇರಿಸಿರಬೇಕು. ತಡವಾಗಿ ಬಂದ ಒಂದಕ್ಕಾಗಿ ನಾಲ್ಕಾರು ಪೆಟ್ಟಿಗೆಗಳನ್ನು ಎತ್ತಿಟ್ಟು ಕೂತರೆ ಧಕ್ಕೆಯ ಕ್ರೇನ್ ಕಾಯಬೇಕಾಗುತ್ತದೆ, ಕ್ರೇನ್ ಕಾದರೆ ಹಡಗೂ ಕಾಯುತ್ತದೆ.

ಅಂದಿನಿಂದ ಹಾಳೆಯ ಬಲತುದಿಯಲ್ಲಿ ಹಡಗು ಹೊರಡುವ ದಿನವನ್ನು ಬರೆದು ಎಡಕ್ಕೆ ಎಣಿಸುತ್ತಾ ಬರುತ್ತೇನೆ. ಯಾರ್ಡ್ ಕಟ್‌ಆಫ್ (ಯಾರ್ಡಿನವರು ಸರಕು ತೆಗೆದುಕೊಳ್ಳುವುದನ್ನು ನಿಲ್ಲಿಸುವ ಗಂಟೆ), ತೂಕದ ಘೋಷಣೆಯ ಗಡುವು, ಕಸ್ಟಮ್ಸ್ ಅನುಮತಿ, ರೈಲು ಟರ್ಮಿನಲ್ಲಿನ ಗಡುವು, ಲಾರಿ ಹೊರಡುವ ಗಂಟೆ, ತುಂಬುವ ದಿನ. ಎಡತುದಿಗೆ ಬಂದಾಗ ಉಳಿಯುವುದು ಖಾಲಿ ಕಂಟೇನರ್ ತರಿಸುವ ಕೆಲಸ. ನಾವು ಅತ್ಯಂತ ಕಡಿಮೆ ಗಮನ ಕೊಡುತ್ತಿದ್ದದ್ದು ಅದಕ್ಕೇ.

ಈಗ ಖಾಲಿ ಕಂಟೇನರ್ ಬಂದ ಕೂಡಲೇ ನಾನೇ ಒಳಗೆ ಹೋಗುತ್ತೇನೆ. ಹೊರಗೆ ಒಬ್ಬರನ್ನು ನಿಲ್ಲಿಸಿ ಬಾಗಿಲು ಮುಚ್ಚಿಸುತ್ತೇನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ನಿಮಿಷ ಬೇಕು. ಆಮೇಲೆ ಚಾವಣಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕಿನ ಚುಕ್ಕೆ ಕಾಣುತ್ತದೆ. ಹಗಲಿನ ಆ ಚುಕ್ಕೆಯೇ ಸಮುದ್ರದಲ್ಲಿ ನೀರಿನ ದಾರಿ. ಬಾಗಿಲಿನ ರಬ್ಬರು ಒಣಗಿ ಬಿರುಕು ಬಿಟ್ಟಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತೇನೆ. ಹೊರಗೆ ಬಂದು ಸಂಖ್ಯೆಯನ್ನು ಬರೆದುಕೊಳ್ಳುತ್ತೇನೆ: ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಏಳನೆಯ ಅಂಕಿ. ಆ ಏಳನೆಯದು ಉಳಿದ ಹತ್ತರಿಂದ ಲೆಕ್ಕ ಹಾಕಿ ಬರುವಂಥದ್ದು. ಬರೆಯುವಾಗ ಎರಡು ಅಂಕಿ ಅದಲುಬದಲಾದರೆ ಸಾಮಾನ್ಯವಾಗಿ ಅದು ತಾಳೆಯಾಗುವುದಿಲ್ಲ, ತಪ್ಪು ಅಲ್ಲೇ ಸಿಗುತ್ತದೆ.

ಟೈಲ್ಸಿನ ನಿಜವಾದ ಕಷ್ಟ ತೂಕ. 20 ಅಡಿಯ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗವಿದೆ, ಆದರೆ ಅರ್ಧ ತುಂಬುವ ಮೊದಲೇ ತೂಕದ ಮಿತಿ ಮುಗಿದಿರುತ್ತದೆ. ಬಾಗಿಲಿನ ಫಲಕದಲ್ಲಿ ಒಟ್ಟು ತೂಕ 30,480 ಕಿಲೋ ಎಂದಿದ್ದರೂ ಅದು ಪೆಟ್ಟಿಗೆಯ ಶಕ್ತಿ ಮಾತ್ರ. ರಸ್ತೆಯಲ್ಲಿ ಲಾರಿಯ ಆಕ್ಸಲ್ (ಗಾಲಿಯ ಅಚ್ಚು) ಮೇಲೆ ಬೀಳುವ ತೂಕದ ಮಿತಿ ಬೇರೆ, ರೈಲು ವ್ಯಾಗನ್ನಿನದು ಬೇರೆ. ಇವುಗಳಲ್ಲಿ ಯಾವುದು ಚಿಕ್ಕದೋ ಅದೇ ನನ್ನ ಮಿತಿ. ಮೇಲೆ ಖಾಲಿ ಕಂಡಿತೆಂದು ಇನ್ನೊಂದು ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಸೇರಿಸಿ ಎಂದು ಮಾಲೀಕರು ಎಷ್ಟೇ ಒತ್ತಾಯಿಸಿದರೂ ನಾನು ಒಪ್ಪುವುದಿಲ್ಲ.

2016ರ ಜುಲೈ 1ರಿಂದ ತುಂಬಿದ ಕಂಟೇನರಿನ ದೃಢೀಕೃತ ತೂಕ ಕೊಡದೆ ಅದನ್ನು ಹಡಗಿಗೆ ಏರಿಸುವಂತಿಲ್ಲ. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ನಿಯಮವಿದು. ತುಂಬಿದ ಪೆಟ್ಟಿಗೆಯನ್ನೇ ತೂಗಬಹುದು, ಇಲ್ಲವೇ ಸರಕು, ಪ್ಯಾಲೆಟ್, ಬಿಗಿದ ಪಟ್ಟಿ ಎಲ್ಲವನ್ನೂ ತೂಗಿ ಖಾಲಿ ಪೆಟ್ಟಿಗೆಯ ತೂಕಕ್ಕೆ ಕೂಡಿಸಬಹುದು. ಇದನ್ನು ಬರೀ ಕಾಗದದ ಕೆಲಸ ಎನ್ನುವವರಿಗೆ ನಾನು ಎಂಎಸ್‌ಸಿ ನಾಪೋಲಿ ಹಡಗಿನ ವಿಷಯ ಹೇಳುತ್ತೇನೆ. 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಅದರ ಒಡಲು ಬಿರಿಯಿತು. ಆಮೇಲೆ, ಮೇಲ್ತಟ್ಟಿನಲ್ಲಿ ನೆನೆಯದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ತೂಗಿದಾಗ 137ರ ತೂಕ ಘೋಷಿಸಿದ್ದಕ್ಕಿಂತ 3 ಟನ್ನಿಗೂ ಹೆಚ್ಚು ವ್ಯತ್ಯಾಸದಲ್ಲಿತ್ತು. ಆ ನಕ್ಷೆಯ ಚೌಕಗಳನ್ನು ಕಣ್ಣಾರೆ ಕಂಡವನಿಗೆ ಈ ಸಂಖ್ಯೆ ಎದೆಗೆ ನಾಟುತ್ತದೆ.

ರಸ್ತೆಯೋ ರೈಲೋ ಎಂಬ ಪ್ರಶ್ನೆಗೆ ನಾನು ಮೂರು ತಿಂಗಳು ತೆಗೆದುಕೊಂಡೆ. ಪ್ರತಿ ಕಂಟೇನರ್ ಯಾವ ಗಂಟೆಗೆ ಎಲ್ಲಿತ್ತು ಎಂದು ಬರೆದಿಟ್ಟೆ. ಓಡಿದ ಗಂಟೆಗಳಿಗಿಂತ ನಿಂತ ಗಂಟೆಗಳೇ ಹೆಚ್ಚಿದ್ದವು: ಗೇಟಿನ ಸಾಲಿನಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಮುಂದೆ, ಕಾಗದಕ್ಕೆ ಕಾಯುತ್ತಾ. ರೈಲು ಹಿಡಿದರೆ ಗೇಟಿನ ಸಾಲು ತಪ್ಪುತ್ತದೆ, ಒಂದೇ ಗಾಡಿಯಲ್ಲಿ ಹತ್ತಾರು ಪೆಟ್ಟಿಗೆ ನೇರ ಬಂದರಿನ ಒಳಗೆ ಹೋಗುತ್ತವೆ. ಆದರೆ ಒಳನಾಡಿನಲ್ಲಿ ಲಾರಿಯಿಂದ ವ್ಯಾಗನ್ನಿಗೆ, ಬಂದರಿನಲ್ಲಿ ವ್ಯಾಗನ್ನಿನಿಂದ ಯಾರ್ಡಿಗೆ ಎಂದು ಎತ್ತಿ ಇಳಿಸುವ ಕೆಲಸ ಹೆಚ್ಚುತ್ತದೆ, ಒಂದು ರೈಲು ತಪ್ಪಿದರೆ ಮುಂದಿನದಕ್ಕೇ ಗತಿ. ದೂರ ಕಡಿಮೆಯಿದ್ದರೆ ಲಾರಿಯೇ ಸರಿ. ನಮ್ಮಂತೆ ದೂರವೂ ಇದ್ದು ಸರಕೂ ಭಾರವಿದ್ದು ಪ್ರತಿ ವಾರ ರವಾನೆಯಿದ್ದರೆ ರೈಲು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ದರಪಟ್ಟಿ ಮಾತ್ರ ನೋಡಿ ನಿರ್ಧರಿಸಿದವರು ನಿಂತ ಗಂಟೆಗಳ ಬೆಲೆಯನ್ನು ಲೆಕ್ಕಕ್ಕೇ ತಂದಿರುವುದಿಲ್ಲ.

1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಕಂಟೇನರುಗಳನ್ನು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿ ಇಂದಿನ ಕಂಟೇನರ್ ಸಾಗಣೆಗೆ ನಾಂದಿ ಹಾಡಿದ ಮಾಲ್ಕಮ್ ಮೆಕ್‌ಲೀನ್ ಲಾರಿ ಉದ್ಯಮದಿಂದ ಬಂದವರು. ನಮ್ಮ ಕಸುಬಿನಲ್ಲಿ ಬಂದರಿನ ಕೆಲಸ ಬೇರೆ, ರಸ್ತೆಯ ಕೆಲಸ ಬೇರೆ ಎಂದು ಯಾರಾದರೂ ಗೆರೆ ಎಳೆದಾಗ ನನಗೆ ಅವರ ನೆನಪಾಗುತ್ತದೆ.

ರೈಲು ಟರ್ಮಿನಲ್ಲಿನಲ್ಲಿ ಒಂದು ಸಂಜೆ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಂಟೇನರನ್ನು ಟ್ರೈಲರಿಗೆ ಹಿಡಿದಿಡುವ ಟ್ವಿಸ್ಟ್‌ಲಾಕುಗಳು ನಾಲ್ಕು ಮೂಲೆಗೆ ನಾಲ್ಕು. ಹಿಂದಿನ ಎಡಮೂಲೆಯದು ಬಿಚ್ಚದೆ ಉಳಿದಿತ್ತು. ಕಂಟೇನರ್ ಎತ್ತುವ ಯಂತ್ರವಾದ ರೀಚ್ ಸ್ಟ್ಯಾಕರ್ ಎತ್ತತೊಡಗಿದಾಗ ಕಂಟೇನರಿನ ಜೊತೆಗೆ ಟ್ರೈಲರೂ ಮೇಲೇಳತೊಡಗಿತು, ಹಿಂದಿನ ಗಾಲಿಗಳು ನೆಲದಿಂದ ಒಂದು ಗೇಣು ಮೇಲೆ. ಸನ್ನೆಗಾರ ಎರಡೂ ಕೈ ಎತ್ತಿ ಕೂಗಿದ. ಆಪರೇಟರ್ ಅಲ್ಲೇ ನಿಲ್ಲಿಸಿ ನಿಧಾನವಾಗಿ ಇಳಿಸಿದ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಕ್ಯಾಬಿನ್ನಿನಿಂದ ಇಳಿದ ಚಾಲಕನಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಅಂದಿನಿಂದ ನಮ್ಮ ರವಾನೆ ಹಾಳೆಯಲ್ಲಿ ನಾಲ್ಕು ಮೂಲೆಗೂ ಒಂದೊಂದು ಚೌಕವಿದೆ. ಟ್ರೈಲರನ್ನು ಸುತ್ತಿ ಬಂದು, ಪ್ರತಿ ಲಾಕನ್ನೂ ಕೈಯಿಂದ ಮುಟ್ಟಿ ನೋಡಿ ಗುರುತು ಹಾಕಬೇಕು. ಅವಸರದಲ್ಲಿ ನಾಲ್ಕಕ್ಕೂ ಒಂದೇ ಗೆರೆ ಎಳೆದು ತಂದ ಹಾಳೆಯನ್ನು ನಾನು ವಾಪಸು ಕೊಡುತ್ತೇನೆ.

ಈಗ ಕೈಹಾಕಿರುವುದು ಖಾಲಿ ಓಡಾಟ ತಗ್ಗಿಸುವ ಕೆಲಸಕ್ಕೆ. ಆಮದು ಸರಕು ಇಳಿಸಿದ ಪೆಟ್ಟಿಗೆ ಬಂದರಿಗೆ ಖಾಲಿ ಮರಳುತ್ತದೆ, ನಮಗೆ ಬೇಕಾದ ಖಾಲಿ ಪೆಟ್ಟಿಗೆ ಅದೇ ಬಂದರಿನಿಂದ ಹೊರಟು ಬರುತ್ತದೆ, ಎರಡೂ ದಾರಿಯಲ್ಲಿ ಎದುರಾಗುತ್ತವೆ. ನೆರೆಯ ಆಮದುದಾರರ ಪೆಟ್ಟಿಗೆಯನ್ನೇ ಶಿಪ್ಪಿಂಗ್ ಲೈನಿನ (ಹಡಗು ಕಂಪನಿಯ) ಒಪ್ಪಿಗೆ ಪಡೆದು ನಾವು ತುಂಬುತ್ತಿದ್ದೇವೆ. ಎರಡೂ ಕಡೆ ಒಂದೇ ಲೈನಿನ, ಒಂದೇ ಅಳತೆಯ ಪೆಟ್ಟಿಗೆ ಆಗಬೇಕು, ಸ್ಥಿತಿಯೂ ಚೆನ್ನಾಗಿರಬೇಕು. ಕಳೆದ ವಾರ ಹೀಗೆ ಮೂರು ಹೊಂದಿದವು. ನಾಲ್ಕನೆಯದರ ಒಳಗೆ ನಿಂತು ಬಾಗಿಲು ಮುಚ್ಚಿಸಿದಾಗ ಚಾವಣಿಯ ಮೂಲೆಯಲ್ಲಿ ಎರಡು ಬೆಳಕಿನ ಚುಕ್ಕೆ ಕಂಡವು, ಅದನ್ನು ಹಿಂದಕ್ಕೆ ಕಳುಹಿಸಿದೆ.